ಐದು ಗಂಟೆಗೆ ಬೀಗ ಬೀಳುವ ಕೋಣೆ

"ಈಗೆಲ್ಲ ಹುಡುಗರ ಹತ್ರ ಅವರವರದೇ ಲ್ಯಾಪ್‌ಟಾಪ್ ಇರ್ತಾವಲ್ಲ ಮೇಷ್ಟ್ರೇ, ಲ್ಯಾಬು ಯಾಕೆ ರಾತ್ರಿ ತೆಗೆದಿಡಬೇಕು?"

ಈ ಮಾತು ನನಗೆ ಹೇಳಿದವರು ಒಂದು ವಿಶ್ವವಿದ್ಯಾಲಯದ ಪೆಟ್ರೋಲಿಯಂ ವಿಭಾಗದ ಕಚೇರಿಯಲ್ಲಿ ಕೂತ ದೊಡ್ಡವರು. ಯಾವ ವಿಶ್ವವಿದ್ಯಾಲಯ, ಯಾವ ಊರು ಅಂತ ಬರೆಯೋದಿಲ್ಲ. ನಮ್ಮ ಹುಡುಗಿ ಇನ್ನೂ ಒಂದು ವರ್ಷ ಅಲ್ಲೇ ಓದಬೇಕು. ಅವರು ಕೆಟ್ಟವರೇನಲ್ಲ; ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆದರೆ ಆ ಮಾತು ಸುಳ್ಳು. ಅವರ ಬಾಯಲ್ಲಿ ಸುಳ್ಳು ಅಂತ ಅವರಿಗೇ ಗೊತ್ತಿರಲಿಲ್ಲ, ಅಷ್ಟೇ. ಬೆಳುಗುಪ್ಪದಿಂದ ರಾತ್ರಿ ಬಸ್ಸು ಹಿಡಿದು ಹೋಗಿ, ಅದೇ ರಾತ್ರಿ ವಾಪಸ್ ಬಂದು, ದಾರಿಯುದ್ದಕ್ಕೂ ಅಲ್ಲಿ ಹೇಳಬೇಕಾಗಿದ್ದ ಉತ್ತರವನ್ನ ಬಸ್ಸಿನ ಕಿಟಕಿಗೆ ಹೇಳ್ತಾ ಬಂದೆ. ವಾಚನಾಲಯದವರು ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂದಾಗ ಬೇರೆ ವಿಷಯ ಹೊಳೆಯಲಿಲ್ಲ.

ಅವಳು ನನ್ನ ಅಕ್ಕನ ಮಗಳು. ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಆಮೇಲೆ ಅನಂತಪುರದಲ್ಲಿ ಇಂಟರ್, ಅಲ್ಲಿಂದ ಎಂಜಿನಿಯರಿಂಗ್ ಸೀಟು. ಪೆಟ್ರೋಲಿಯಂ ಅಂದಾಗ ಊರಲ್ಲಿ ನಕ್ಕವರೂ ಇದ್ದಾರೆ. "ಓದಿ ಬಂದು ಬಂಕ್ ಹಾಕ್ತಾಳಾ?" ಅಂತ ಕೇಳಿದವರು ಈಗ ಇದನ್ನ ಓದ್ತಿರಬಹುದು. ಇನ್ನು ಕೆಲವರು, ಅನಂತಪುರದಲ್ಲೇ ಜೆಎನ್‌ಟಿಯು ಕೆಳಗೆ ಎಣ್ಣೆ ಸಂಶೋಧನೆ ಸಂಸ್ಥೆ ಇದೆಯಲ್ಲ, ಅಲ್ಲೇ ಸೇರಿಸಬಹುದಿತ್ತು ಅಂದರು. ಅದು ಬೇರೆ ಎಣ್ಣೆ ಸ್ವಾಮಿ. ನಮ್ಮ ಶೇಂಗಾ ಎಣ್ಣೆಯ ಜಾತಿಯದು. ಇವಳು ಓದೋದು ನೆಲದೊಳಗೆ ಕಲ್ಲಿನ ಸಂದಿನಲ್ಲಿ ಕೂತ ಎಣ್ಣೆ, ಗ್ಯಾಸು.

ಆ ಓದಿಗೂ ಕಂಪ್ಯೂಟರಿಗೂ ಏನು ಸಂಬಂಧ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಅದು ಗೊತ್ತಾಗದೆ ನನ್ನ ಸಿಟ್ಟು ಗೊತ್ತಾಗೋದಿಲ್ಲ.

ನಮ್ಮಲ್ಲಿ ಬೋರು ಹಾಕಿಸೋದು ಹೇಗೆ? ಪಾಯಿಂಟ್ ನೋಡುವವನು ಬರ್ತಾನೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತಾನೆ, ಕಾಯಿ ನೆಟ್ಟಗೆ ಎದ್ದ ಕಡೆ ಕಲ್ಲು ಇಡ್ತಾನೆ. ಲಾರಿ ಬಂದು ಐನೂರು ಅಡಿ ಕೊರೆಯುತ್ತೆ. ಬಿದ್ದರೆ ದೇವರ ದಯೆ, ಬೀಳದಿದ್ದರೆ ಸಾಲ. ಬಿದ್ದ ಮೇಲೂ ಪಕ್ಕದ ಹೊಲದವನು ಇನ್ನೂ ನೂರಡಿ ಆಳಕ್ಕೆ ಇಳಿಸಿದರೆ ನಮ್ಮದು ಒಣಗುತ್ತೆ. ಯಾಕೆ ಒಣಗಿತು, ಇನ್ನೆಷ್ಟು ದಿನ ಬರುತ್ತೆ, ಎರಡು ಬೋರಿನ ನಡುವೆ ಎಷ್ಟು ದೂರ ಇರಬೇಕಿತ್ತು, ಇದನ್ನೆಲ್ಲ ನಾವು ಊಹೆ ಮೇಲೆ ಮಾತಾಡ್ತೀವಿ. ಎಣ್ಣೆ ಬಾವಿಯವರಿಗೆ ಊಹೆ ಸಾಲದು. ಅವರ ಒಂದು ಬಾವಿ ಎರಡು ಮೂರು ಕಿಲೋಮೀಟರ್ ಆಳ, ಖರ್ಚು ಕೋಟಿಗಳಲ್ಲಿ. ಅದಕ್ಕೆ ಲೆಕ್ಕ ಹಾಕ್ತಾರೆ.

ಲೆಕ್ಕದ ಮೂಲ ಹಳೆಯದು, ಅದೂ ನೀರಿನದೇ. ಫ್ರಾನ್ಸಿನ ದಿಜಾನ್ ಅನ್ನೋ ಊರಿಗೆ ಕುಡಿಯುವ ನೀರು ತಂದುಕೊಟ್ಟ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಎಷ್ಟು ವೇಗವಾಗಿ ಇಳಿಯುತ್ತೆ ಅಂತ ಅಳೆದು 1856ರಲ್ಲಿ ಒಂದು ಸೂತ್ರ ಪ್ರಕಟಿಸಿದ. ಇವತ್ತಿಗೂ ಎಣ್ಣೆ ಎಂಜಿನಿಯರುಗಳು ಕಲ್ಲಿನೊಳಗೆ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ ಅಳೆಯೋ ಮಾಪಕ್ಕೆ ಅವನ ಹೆಸರೇ. ಈಗ ಮಾಡೋದೇನು ಅಂದರೆ, ನೆಲದೊಳಗಿನ ಆ ಕಲ್ಲಿನ ಪದರವನ್ನ ಲೆಕ್ಕದಲ್ಲೇ ಇಟ್ಟಿಗೆ ಇಟ್ಟಿಗೆಯಾಗಿ ಕತ್ತರಿಸೋದು. ಒಂದೊಂದು ಇಟ್ಟಿಗೆಯಲ್ಲಿ ಎಷ್ಟು ಸಂದು, ಎಷ್ಟು ಎಣ್ಣೆ, ಎಷ್ಟು ನೀರು, ಒತ್ತಡ ಎಷ್ಟು ಅಂತ ಬರೆದುಕೊಂಡು, ಇವತ್ತು ಈ ಇಟ್ಟಿಗೆಯಿಂದ ಪಕ್ಕದ್ದಕ್ಕೆ ಎಷ್ಟು ಹರಿಯಿತು, ನಾಳೆ ಎಷ್ಟು, ನಾಳಿದ್ದು ಎಷ್ಟು ಅಂತ ಇಪ್ಪತ್ತು ಮೂವತ್ತು ವರ್ಷದ ತನಕ ಲೆಕ್ಕ ಹಾಕೋದು. ಇದಕ್ಕೆ ಸಿಮ್ಯುಲೇಷನ್ ಅಂತಾರೆ. 1981ರಲ್ಲಿ ಅಮೆರಿಕದ ಪೆಟ್ರೋಲಿಯಂ ಎಂಜಿನಿಯರುಗಳ ಸಂಘ ಬೇರೆ ಬೇರೆ ಕಂಪನಿಗಳ ಲೆಕ್ಕ ತಾಳೆ ನೋಡೋಕೆ ಅಂತ ಮೊದಲ ಸಲ ಒಂದು ಮಾದರಿ ಪ್ರಕಟಿಸಿತು. ಅದರಲ್ಲಿ ಇದ್ದದ್ದು ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು, ಆಳಕ್ಕೆ ಮೂರು, ಒಟ್ಟು 300 ಇಟ್ಟಿಗೆ. ಇಪ್ಪತ್ತು ವರ್ಷ ಬಿಟ್ಟು 2001ರಲ್ಲಿ ಬಂದ ಹತ್ತನೇ ಮಾದರಿಯಲ್ಲಿ 11 ಲಕ್ಷ 22 ಸಾವಿರ ಇಟ್ಟಿಗೆ. ಇದನ್ನ ಕಪ್ಪು ಹಲಗೆ ಮೇಲೆ ಕಲಿಸೋಕೆ ಆಗುತ್ತಾ ಹೇಳಿ. ಕೃಷಿ ಕಾಲೇಜಿಗೆ ಹೊಲ ಹೇಗೋ, ಈ ಓದಿಗೆ ಕಂಪ್ಯೂಟರ್ ಕೋಣೆ ಹಾಗೆ.

ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದು ಆಂಧ್ರದಲ್ಲಿ ಇರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೃಷ್ಣಾ-ಗೋದಾವರಿ ನದಿಗಳು ಸೇರುವ ಸಮುದ್ರದಾಳದಲ್ಲಿ 2002ರಲ್ಲಿ ಸಿಕ್ಕ ಡಿ-6 ಗ್ಯಾಸಿನ ಸುದ್ದಿ ನೆನಪಿದೆಯಲ್ಲ? 2009ರ ಏಪ್ರಿಲಲ್ಲಿ ಗ್ಯಾಸು ಬರೋಕೆ ಶುರುವಾಯ್ತು. ಯೋಜನೆ ಪ್ರಕಾರ ದಿನಕ್ಕೆ 8 ಕೋಟಿ ಘನ ಮೀಟರ್ ಬರಬೇಕಿತ್ತು. 2010ರಲ್ಲಿ 6 ಕೋಟಿಯ ಆಸುಪಾಸಿಗೆ ಏರಿದ್ದೇ ಇಳಿಯತೊಡಗಿತು. 2013ರ ಹೊತ್ತಿಗೆ 2 ಕೋಟಿಗೂ ಕಡಿಮೆ. ನೆಲದೊಳಗಿನ ರಚನೆ ನಾವು ಎಣಿಸಿದ್ದಕ್ಕಿಂತ ಜಟಿಲ ಅಂತ ಕಂಪನಿ, ಕೊರೆಯಬೇಕಾದಷ್ಟು ಬಾವಿ ಕೊರೆಯಲಿಲ್ಲ ಅಂತ ಸರ್ಕಾರ, ಜಗಳ ಮಧ್ಯಸ್ಥಿಕೆ ತನಕ ಹೋಯ್ತು. ಅದರಲ್ಲಿ ಯಾರು ಸರಿ ಅಂತ ತೀರ್ಮಾನ ಹೇಳೋಕೆ ನಾನು ಯಾರು. ಆದರೆ ಆ ಗ್ಯಾಸನ್ನೇ ನಂಬಿಕೊಂಡು ಆಂಧ್ರದಲ್ಲಿ ಕಟ್ಟಿದ ವಿದ್ಯುತ್ ಸ್ಥಾವರಗಳು ಗ್ಯಾಸಿಲ್ಲದೆ ನಿಂತವು. ಆ ವರ್ಷಗಳಲ್ಲಿ ನಾವು ರಾತ್ರಿ ಎರಡಕ್ಕೋ ಮೂರಕ್ಕೋ ಕರೆಂಟು ಬರುತ್ತೆ ಅಂತ ಮೋಟಾರಿನ ಪಕ್ಕ ಕಂಬಳಿ ಹೊದ್ದು ಕಾದದ್ದಕ್ಕೆ ಕಾರಣ ಹಲವು ಇರಬಹುದು, ಅದರಲ್ಲಿ ಇದೂ ಒಂದು. ಸಮುದ್ರದ ಕೆಳಗಿನ ಇಟ್ಟಿಗೆ ಲೆಕ್ಕಕ್ಕೂ ಬೆಳುಗುಪ್ಪದ ಮೋಟಾರಿಗೂ ಅಷ್ಟು ಹತ್ತಿರದ ನಂಟು.

ಇಂಥ ಲೆಕ್ಕ ಕಲಿಯೋಕೆ ಹೋದ ಹುಡುಗಿಗೆ ಅಲ್ಲಿ ಏನಾಯ್ತು ಕೇಳಿ.

ಅವಳ ತರಗತಿಯಲ್ಲಿ ಅರವತ್ತು ಮಂದಿ. ಕಂಪ್ಯೂಟರ್ ಕೋಣೆಯಲ್ಲಿ ಮೂವತ್ತು ಯಂತ್ರ. ಸಿಮ್ಯುಲೇಷನ್ ಸಾಫ್ಟ್‌ವೇರ್ ಒಂದು ಸಲಕ್ಕೆ ಹತ್ತು ಮಂದಿಗೆ ಮಾತ್ರ ತೆರೆಯುತ್ತೆ. ಹನ್ನೊಂದನೆಯವರು ಒತ್ತಿದರೆ ಲೈಸೆನ್ಸ್ ಇಲ್ಲ ಅಂತ ತೋರಿಸುತ್ತೆ. ಕೋಣೆ ಬೆಳಿಗ್ಗೆ ಹತ್ತಕ್ಕೆ ತೆಗೆದು ಸಂಜೆ ಐದಕ್ಕೆ ಮುಚ್ತಾರೆ. ಹತ್ತರಿಂದ ಐದರ ತನಕ ಇವರಿಗೆ ಪಾಠ ಇರುತ್ತೆ. ಹಾಗಾಗಿ ಇವಳ ಪಾಲಿಗೆ ಬಂದದ್ದು ವಾರಕ್ಕೆ ಎರಡು ಗಂಟೆ, ಅದರಲ್ಲೂ ಒಂದು ಯಂತ್ರಕ್ಕೆ ಮೂವರು. ಇಬ್ಬರು ಹುಡುಗರು ಕೀಬೋರ್ಡ್ ಹಿಡಿದರೆ ಇವಳಿಗೆ ಹಿಂದೆ ನಿಂತು ನೋಡೋದು. ಮೊದಲ ತಿಂಗಳು ಫೋನಲ್ಲಿ ಅಂದಳು, "ಮಾವ, ನಾನು ಸಿನಿಮಾ ನೋಡ್ದಂಗೆ ನೋಡ್ತಾ ನಿಂತಿರ್ತೀನಿ."

ಮೂರನೇ ವರ್ಷಕ್ಕೆ ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಕೊಟ್ಟರು. ಇವಳ ಮಾದರಿ ದೊಡ್ಡದು, ಒಂದು ಸಲ ಓಡಿಸಿದರೆ ಐದಾರು ಗಂಟೆ ಹಿಡಿಯುತ್ತೆ. ಮಧ್ಯಾಹ್ನ ಊಟ ಬಿಟ್ಟು ಹೋಗಿ ಒಂದು ಗಂಟೆಗೆ ಶುರು ಮಾಡ್ತಿದ್ದಳು. ಐದಕ್ಕೆ ಅಟೆಂಡರ್ ಬಂದು ಮೈನ್ ಸ್ವಿಚ್ ಇಳಿಸಿದರೆ ಎಲ್ಲ ಹೋಯ್ತು. ಮಾರನೇ ದಿನ ಮತ್ತೆ ಮೊದಲಿಂದ. ಹೀಗೆ ಮೂರು ಸಲ. ನಡುವೆ ನಿಂತರೆ ನಿಂತಲ್ಲಿಂದ ಮತ್ತೆ ಶುರು ಮಾಡೋಕೆ ರೀಸ್ಟಾರ್ಟ್ ಫೈಲ್ ಅಂತ ಒಂದು ವ್ಯವಸ್ಥೆ ಇದೆಯಂತೆ. ಅದನ್ನ ಹೇಳಿಕೊಡೋದು ಯಾರಿಗೂ ನೆನಪಾಗಿರಲಿಲ್ಲ. ಅಟೆಂಡರನ್ನ ಬೇಡಿಕೊಂಡರೆ, "ನಂದೂ ಬಸ್ಸು ಹೋಗುತ್ತಮ್ಮ" ಅಂದನಂತೆ. ಅವನ ಮಾತೂ ನಿಜವೇ. ಐದರ ಮೇಲೆ ಕೂತರೆ ಅವನಿಗೆ ಯಾರು ಕೂಲಿ ಕೊಡ್ತಾರೆ?

ಹಾಗಾದರೆ ಉಳಿದವರು ಹೇಗೆ ಮುಗಿಸಿದರು? ಅದೇ ಆ ದೊಡ್ಡವರು ಹೇಳಿದ ಲ್ಯಾಪ್‌ಟಾಪ್. ಎಂಬತ್ತು ಸಾವಿರದ್ದು, ಲಕ್ಷದ್ದು ಇದ್ದವರು ಎಲ್ಲಿಂದಲೋ ಕದ್ದ ನಕಲು ಸಾಫ್ಟ್‌ವೇರ್ ಹಾಕಿಕೊಂಡು ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಓಡಿಸಿದರು. ಇದು ಮೇಷ್ಟ್ರುಗಳಿಗೆ ಗೊತ್ತಿಲ್ಲ ಅಂದುಕೊಂಡಿರಾ? ಎಲ್ಲರಿಗೂ ಗೊತ್ತು. ಬಾಗಿಲಿಗೆ ಬೀಗ ಹಾಕಿ, ಗೋಡೆಯ ಕಿಂಡಿಯಿಂದ ಹೋಗುವವರನ್ನ ನೋಡದಂಗೆ ಇರೋದು, ಆಮೇಲೆ ಕಿಂಡಿಯಲ್ಲಿ ತೂರಲಾರದವರಿಗೆ ಕಡಿಮೆ ಮಾರ್ಕ್ಸ್ ಹಾಕೋದು. ಇದನ್ನ ಶಿಕ್ಷಣ ಅಂತ ಕರೆಯೋಕೆ ನನಗೆ ನಾಲಗೆ ಏಳೋದಿಲ್ಲ.

ನಮ್ಮಕ್ಕ ಡ್ವಾಕ್ರಾ ಗುಂಪಲ್ಲಿ ಸಾಲ ಎತ್ತಿದಳು, ಮೇಲೆ ಎರಡು ಕುರಿ ಮಾರಿದಳು. ಅನಂತಪುರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆವು. ಆರಿಸಿದವನು ನಾನೇ, ಬಣ್ಣ ನೋಡಿ, ಕೀಲಿ ಎಲ್ಲ ಒತ್ತುತಾವಾ ನೋಡಿ. ಅದರ ಮೆಮೊರಿ 4 ಜಿಬಿ. ಆ ಮಾದರಿ ತೆರೆಯೋಕೇ ಅದಕ್ಕೆ ಶಕ್ತಿ ಇರಲಿಲ್ಲ, ಪರದೆ ನಿಂತುಬಿಡ್ತಿತ್ತು. ಆ ಹುಡುಗಿ ಇದನ್ನ ಅವರಮ್ಮನಿಗೆ ಇವತ್ತಿಗೂ ಹೇಳಿಲ್ಲ. ಈ ಬರಹ ನಮ್ಮಕ್ಕನಿಗೆ ಯಾರೂ ಓದಿ ಹೇಳಬೇಡಿ ಅಂತ ಕೇಳಿಕೊಳ್ತೀನಿ. ಕೊನೆಗೆ ಒಬ್ಬ ಗೆಳತಿ ಮಲಗಿದ ಮೇಲೆ ಅವಳ ಲ್ಯಾಪ್‌ಟಾಪ್ ಈಸಿಕೊಂಡು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರ ತನಕ, ಹದಿನೈದು ದಿನ.

ಇದರ ನಡುವೆ ಒಂದು ಒಳ್ಳೆಯದೂ ಆಯ್ತು. ಹೊಸದಾಗಿ ಬಂದ ಒಬ್ಬ ಚಿಕ್ಕ ವಯಸ್ಸಿನ ಮೇಷ್ಟ್ರು ಇವಳ ಪಾಡು ನೋಡಿ, ಓಪಿಎಂ ಫ್ಲೋ ಅನ್ನೋ ಇನ್ನೊಂದು ಸಾಫ್ಟ್‌ವೇರ್ ತೋರಿಸಿದರು. ನಾರ್ವೆ ದೇಶದ ಸಂಶೋಧನಾ ಸಂಸ್ಥೆಗಳೂ ಎಣ್ಣೆ ಕಂಪನಿಯವರೂ ಸೇರಿ ಬೆಳೆಸಿದ್ದು. ದುಡ್ಡಿಲ್ಲ, ಲೈಸೆನ್ಸಿಲ್ಲ, ಒಳಗಿನ ಬರಹವನ್ನೂ ಯಾರು ಬೇಕಾದರೂ ತೆಗೆದು ಓದಬಹುದು. ಲಿನಕ್ಸ್ ಹಾಕಿದ ಹಳೆ ಯಂತ್ರದಲ್ಲೂ ಓಡುತ್ತೆ. ಕುರಿ ಮಾರಿ ತಂದ ಆ ಲ್ಯಾಪ್‌ಟಾಪಲ್ಲಿ, ಆಗಲೇ ಹೇಳಿದೆನಲ್ಲ ಮುನ್ನೂರು ಇಟ್ಟಿಗೆಯ ಮಾದರಿ, ಅದು ಕಣ್ಣು ಮಿಟುಕಿಸೋದರೊಳಗೆ ಮುಗೀತಂತೆ. ಆ ರಾತ್ರಿ ಅವಳ ಫೋನು ಬಂದಾಗ ನಾನು ಯಾರಿಗೋ ಏನೋ ಆಯ್ತು ಅಂತ ಹೆದರಿದ್ದೆ. "ಮಾವ, ಓಡ್ತು! ನಂದೇ ಕೈಯಲ್ಲಿ ಓಡ್ತು!" ಮೂರು ವರ್ಷದಲ್ಲಿ ಮೊದಲ ಸಲ ಒಂದು ಸಿಮ್ಯುಲೇಷನ್ನನ್ನ ಆದಿಯಿಂದ ಅಂತ್ಯದ ತನಕ ಅವಳೊಬ್ಬಳೇ ಮಾಡಿದ್ದು ಅದು. ಮಾರನೇ ವಾರ ತೋರಿಸೋಕೆ ಹೋದರೆ ಹಿರಿಯ ಮೇಷ್ಟ್ರು, "ಸಿಲಬಸ್ಸಲ್ಲಿ ಇರೋ ಸಾಫ್ಟ್‌ವೇರಲ್ಲಿ ಮಾಡಿಲ್ಲ, ಇದು ನಡೆಯೋದಿಲ್ಲ" ಅಂದರು.

ಸಿಟ್ಟಿಗೆ ಬರೆದಿದ್ದಾನೆ ಅಂತ ನೀವು ಅಂದುಕೊಳ್ಳಬಹುದು. ಹೌದು, ಸಿಟ್ಟಿದೆ. ಆದರೆ ಆ ಬೀಗದ ವಿಷಯದಲ್ಲಿ ಕಲ್ಲೆಸೆಯೋಕೆ ನನ್ನ ಕೈಯೂ ಶುದ್ಧ ಇಲ್ಲ, ಅದನ್ನ ಹೇಳದಿದ್ದರೆ ತಪ್ಪಾಗುತ್ತೆ.

ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಐಸಿಟಿ ಯೋಜನೆಯನ್ನ ಕೇಂದ್ರ ಸರ್ಕಾರ 2004ರ ಕೊನೆಗೆ ಶುರು ಮಾಡಿತು. ಕೆಲವು ವರ್ಷದ ಮೇಲೆ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಗೂ ಕಂಪ್ಯೂಟರ್ ಬಂದವು. ಬೀಗದ ಕೈ ನನ್ನ ಹತ್ರ ಕೊಟ್ಟರು, ಸ್ಟಾಕ್ ರಿಜಿಸ್ಟರಿಗೆ ನನ್ನ ಸಹಿ. ಒಂದು ಮೌಸು ಹಾಳಾದರೂ ನನ್ನ ಸಂಬಳದಲ್ಲಿ ಹಿಡೀತಾರೆ ಅಂತ ಯಾರೋ ಹೆದರಿಸಿದರು. ಯಂತ್ರಗಳ ಮೇಲೆ ಬಟ್ಟೆ ಹೊದಿಸಿ, ಅಧಿಕಾರಿಗಳು ತಪಾಸಣೆಗೆ ಬಂದ ದಿನ ತೆಗೆದು, ಅವರು ಹೋದ ಮೇಲೆ ಮತ್ತೆ ಹೊದಿಸಿ ಇಟ್ಟೆ. ಎಂಟನೇ ತರಗತಿ ಹುಡುಗನೊಬ್ಬ ದಿನಾ ಬಾಗಿಲ ಹತ್ರ ಬಂದು ನಿಲ್ಲೋನು. "ಸಾರ್, ಒಂದ್ಸಲ ಮುಟ್ಲಾ?" ಅನ್ನೋನು. "ಪಾಠ ಓದಿಕೋ ಹೋಗೋ" ಅಂತ ನಾನು. ಮೂರು ವರ್ಷದಲ್ಲಿ ಬ್ಯಾಟರಿ ಸತ್ತವು, ವೈರುಗಳನ್ನ ಇಲಿ ಕಡಿದವು. ಒಂದೂ ಮೌಸು ಮಕ್ಕಳ ಕೈಯಲ್ಲಿ ಹಾಳಾಗಲಿಲ್ಲ, ಅದು ಮಾತ್ರ ರಿಜಿಸ್ಟರಲ್ಲಿ ಸರಿಯಾಗಿದೆ. ಆ ಹುಡುಗ ಈಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋ ಕಡೆ ಕೆಲಸ ಮಾಡ್ತಾನೆ. ನಾನು ಬಾಗಿಲು ತೆಗೆದಿದ್ದರೆ ಬೇರೆ ಆಗ್ತಿದ್ದನಾ, ಗೊತ್ತಿಲ್ಲ. ಎದುರು ಸಿಕ್ಕಾಗ ನಮಸ್ಕಾರ ಮಾಡ್ತಾನೆ, ನಾನು ಬೇಗ ಮಾತು ಮುಗಿಸಿ ಹೊರಡ್ತೀನಿ.

ಅದಕ್ಕೇ ನಮ್ಮ ಹುಡುಗಿ "ಐದಕ್ಕೆ ಬೀಗ ಹಾಕ್ತಾರೆ ಮಾವ" ಅಂದಾಗ, ಬೀಗ ಹಾಕುವವರ ತಲೆಯೊಳಗೆ ಏನಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಾಯ್ತು. ಆ ಭಯಗಳನ್ನೇ ಒಂದೊಂದಾಗಿ ತಗೊಂಡು ಮಾತಾಡ್ತೀನಿ.

ದುಡ್ಡಿಲ್ಲ ಅಂತಾರೆ. ಆ ಸಾಫ್ಟ್‌ವೇರ್ ದುಬಾರಿ ಅನ್ನೋದು ನಿಜ. ಎಕ್ಲಿಪ್ಸ್, ಸಿಎಂಜಿ ಅಂತ ಹೆಸರಾದವನ್ನ ಮಾಡೋ ಕಂಪನಿಗಳು ಕಾಲೇಜುಗಳಿಗೆ ಓದಿಗೆ ಮಾತ್ರ ಅಂತ ಷರತ್ತು ಹಾಕಿ ದಾನವಾಗಿಯೋ ರಿಯಾಯಿತಿಯಲ್ಲೋ ಕೊಡುತ್ತವೆ, ಒಂದು ಸಲಕ್ಕೆ ಇಷ್ಟೇ ಮಂದಿ ಅಂತ ಮಿತಿ ಇರುತ್ತೆ. ಸರಿ, ಹತ್ತೇ ಇರಲಿ. ಬೆರಳು ಮಡಚಿ ಲೆಕ್ಕ ಹಾಕೋಣ. ದಿನಕ್ಕೆ ಏಳು ಗಂಟೆ, ವಾರಕ್ಕೆ ಐದು ದಿನ, ಹತ್ತು ಜನ: ಒಟ್ಟು 350 ಗಂಟೆ. ಅರವತ್ತು ಮಂದಿಗೆ ಹಂಚಿದರೆ ತಲೆಗೆ ಆರು ಗಂಟೆಯೂ ಬರೋದಿಲ್ಲ, ಅದೂ ಪಾಠದ ಹೊತ್ತಲ್ಲಿ. ಅದೇ ಕೋಣೆ ಹಗಲು ರಾತ್ರಿ ಏಳು ದಿನ ತೆರೆದಿದ್ದರೆ 1,680 ಗಂಟೆ, ತಲೆಗೆ 28. ಲೈಸೆನ್ಸಿಗೆ ಒಂದು ರೂಪಾಯಿ ಹೆಚ್ಚು ಕೊಡಬೇಕಿಲ್ಲ. ಬೇಕಾದ್ದು ಒಬ್ಬ ರಾತ್ರಿ ಕಾವಲುಗಾರ, ಒಂದು ಒಳ್ಳೆಯ ಯುಪಿಎಸ್ಸು. ಸರದಿ ಬರೆಯೋ ಪುಸ್ತಕವನ್ನ ಮಕ್ಕಳೇ ನೋಡಿಕೊಳ್ತಾರೆ. ದಾನ ಬಂದ ದಿನ ಪೇಪರಲ್ಲಿ ಫೋಟೋ ಹಾಕಿಸಿ, ಆಮೇಲೆ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹದಿನೇಳು ಗಂಟೆ ಕತ್ತಲಲ್ಲಿ ಇಟ್ಟರೆ ಆ ದಾನ ಯಾರಿಗೆ ಮುಟ್ಟಿತು?

ಮಕ್ಕಳು ಸಿನಿಮಾ ನೋಡ್ತಾರೆ ಅಂತಾರೆ. ನೋಡ್ತಾರೆ, ಜೇಬಿನ ಫೋನಲ್ಲಿ. ಅದಕ್ಕೆ ಲ್ಯಾಬಿಗೆ ಬರಬೇಕಿಲ್ಲ.

ಹೆಣ್ಣುಮಕ್ಕಳು ರಾತ್ರಿ ಲ್ಯಾಬಿಗೆ ಹೋದರೆ ಜವಾಬ್ದಾರಿ ಯಾರದು ಅಂತ ಕೇಳ್ತಾರೆ. ಈ ಪ್ರಶ್ನೆ ಕೇಳುವವರಲ್ಲಿ ನಮ್ಮೂರವರೂ ಇದ್ದಾರೆ, ಅದಕ್ಕೇ ಸ್ವಲ್ಪ ನಿಂತು ಹೇಳ್ತೀನಿ. ಏಳು ಗಂಟೆಗೆ ಹಾಸ್ಟೆಲ್ ಗೇಟು ಹಾಕಿದ ಮೇಲೆ ಹುಡುಗರಿಗೆ ಗ್ರಂಥಾಲಯ ಇದೆ, ಹೊರಗೆ ನೆಟ್ ಸೆಂಟರ್ ಇದೆ, ಗೆಳೆಯನ ಕೋಣೆ ಇದೆ. ಹುಡುಗಿಗೆ ಗೋಡೆ ಇದೆ. ಅವಳ ಕ್ಷೇಮದ ಹೆಸರಲ್ಲಿ ಅವಳ ಓದನ್ನೇ ಅರ್ಧ ಮಾಡಿದರೆ ಅದನ್ನ ಒಪ್ಪೋಕಾಗೋದಿಲ್ಲ. ದಾರಿ ಇಲ್ಲವಾ? ಇದೆ. ಹಾಸ್ಟೆಲ್ ಒಳಗೇ ಒಂದು ಕೋಣೆಯಲ್ಲಿ ಎಂಟು ಹತ್ತು ಸಾದಾ ಯಂತ್ರ ಇಡಿ. ಅವು ದೊಡ್ಡ ಲೆಕ್ಕ ಹಾಕಬೇಕಿಲ್ಲ. ಅಲ್ಲಿಂದ ವಿಭಾಗದ ಸರ್ವರಿಗೆ ತಂತಿಯಲ್ಲಿ ಸೇರಿದರೆ ಸಾಕು. ಲೆಕ್ಕ ಅಲ್ಲಿ ನಡೆಯುತ್ತೆ, ಹುಡುಗಿ ಇಲ್ಲಿ ಕೂತು ನೋಡ್ತಾಳೆ. ವಿಶ್ವವಿದ್ಯಾಲಯಗಳನ್ನ ಜೋಡಿಸೋ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ 2010ರಲ್ಲೇ ಒಪ್ಪಿಗೆ ಕೊಟ್ಟು ಕಟ್ಟಿದೆ. ಊರಿಂದ ಊರಿಗೆ ಹೋಗೋ ತಂತಿ ಇದೆ ಅಂದಮೇಲೆ ಲ್ಯಾಬಿಂದ ಹಾಸ್ಟೆಲಿಗೆ ಮುನ್ನೂರು ಮೀಟರ್ ತಂತಿ ಎಳೆಯೋಕೆ ಏನು ಕಷ್ಟ?

ಫೋನಲ್ಲೇ ಮಾಡಿಕೊಳ್ಳಲಿ, ಎಲ್ಲ ನೆಟ್‌ನಲ್ಲಿ ಸಿಗುತ್ತಲ್ಲ ಅನ್ನೋ ಜಾಣರೂ ಇದ್ದಾರೆ. ಉತ್ತರ ಸಮುದ್ರದಲ್ಲಿ ವೋಲ್ವೆ ಅನ್ನೋ ಎಣ್ಣೆ ನೆಲೆ ಇತ್ತು, 2008ರಿಂದ 2016ರ ತನಕ ಎಣ್ಣೆ ಕೊಟ್ಟಿತು. ಮುಗಿದ ಮೇಲೆ 2018ರಲ್ಲಿ ಅದರ ನಾರ್ವೆ ಕಂಪನಿ ಈಕ್ವಿನಾರ್ ಆ ನೆಲೆಯ ದಾಖಲೆಯನ್ನ, ಸುಮಾರು 40,000 ಫೈಲು, ಲೋಕದ ವಿದ್ಯಾರ್ಥಿಗಳಿಗೆ ಅಂತ ಪುಕ್ಕಟೆ ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸಿನ ಕೆಲಸ. ಅದರ ತೂಕ 5 ಟೆರಾಬೈಟ್. ದಿನಕ್ಕೆ ಒಂದೂವರೆ ಜಿಬಿ ಸಿಗೋ ನಮ್ಮ ಫೋನ್ ರೀಚಾರ್ಜಲ್ಲಿ ಅದನ್ನ ಪೂರ್ತಿ ಇಳಿಸಿಕೊಳ್ಳೋಕೆ ಒಂಬತ್ತು ವರ್ಷದ ಮೇಲೆ ಬೇಕು. ಪೂರ್ತಿ ಯಾರಿಗೂ ಬೇಕಾಗೋದಿಲ್ಲ, ಒಪ್ಪಿದೆ. ಒಂದು ಚೂರು ಸಾಕು. ಆದರೆ ಆ ಚೂರನ್ನ ತೆರೆದು ನೋಡೋಕೂ ದೊಡ್ಡ ಪರದೆ, ಮೆಮೊರಿ, ಕೂತುಕೊಳ್ಳೋ ಜಾಗ ಬೇಕು. ವಿಭಾಗದ ಸರ್ವರಲ್ಲಿ ಒಂದು ಸಲ ಇಳಿಸಿಟ್ಟರೆ ಎಲ್ಲ ಮಕ್ಕಳಿಗೂ ಆಯ್ತು.

ನಾವು ಸೂಪರ್ ಕಂಪ್ಯೂಟರ್ ಕೇಳ್ತಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಇಟ್ಟರು, ಸಂತೋಷ, ಅದು ಅಲ್ಲಿರಲಿ. ಕಲಿಯುವವರಿಗೆ ಮುನ್ನೂರು ಇಟ್ಟಿಗೆಯಿಂದ ಶುರುವಾಗಬೇಕು, ಅದಕ್ಕೆ ಹಳೆಯ ಯಂತ್ರ, ಪುಕ್ಕಟೆ ಸಾಫ್ಟ್‌ವೇರ್ ಧಾರಾಳ ಸಾಕು. ಮೊದಲ ವರ್ಷದಿಂದಲೇ ಅದನ್ನ ಕಲಿಸಿ, ಅದರಲ್ಲಿ ಮಾಡಿದ್ದಕ್ಕೂ ಮಾರ್ಕ್ಸ್ ಕೊಡಿ. ಲೆಕ್ಕ ಸರಿಯಿದೆಯಾ ನೋಡೋದು ಬಿಟ್ಟು ಯಾವ ಕಂಪನಿಯ ಪೆಟ್ಟಿಗೆಯಲ್ಲಿ ಮಾಡಿದೆ ಅಂತ ಕೇಳೋ ಮೇಷ್ಟ್ರು, ಉತ್ತರ ಸರಿ ಇದ್ದರೂ ಹಸಿರು ಮಸಿಯಲ್ಲಿ ಬರೆದಿದ್ದಾನೆ ಅಂತ ಸೊನ್ನೆ ಹಾಕಿದ ಹಾಗೆ. ಆಮೇಲೆ ಕೆಲಸಕ್ಕೆ ಬೇಕು ಅಂತ ದುಬಾರಿ ಸಾಫ್ಟ್‌ವೇರೂ ಕಲಿಯಲಿ, ಆ ಹತ್ತು ಲೈಸೆನ್ಸಲ್ಲಿ, ರಾತ್ರಿ ಹಗಲು ಸರದಿ ಹಚ್ಚಿ.

ಇನ್ನೊಂದು ಮಾತು ನಮ್ಮ ಜನರದ್ದೇ. "ಎಣ್ಣೆ ಮುಗಿಯೋ ಕಾಲ ಬಂತು, ಗುಡ್ಡದ ಮೇಲೆಲ್ಲ ಗಾಳಿ ಫ್ಯಾನು ತಿರುಗ್ತಾವೆ, ಇನ್ಯಾಕೆ ಈ ಓದು?" ಫ್ಯಾನು ತಿರುಗೋದು ನಮ್ಮ ಬಾಗಿಲಿಂದಲೇ ಕಾಣುತ್ತೆ, ಸರಿ. ಆದರೆ ನೆಲದೊಳಗೆ ಏನು ಎಷ್ಟು ಹರಿಯುತ್ತೆ ಅನ್ನೋ ಲೆಕ್ಕ ಎಣ್ಣೆಯ ಜೊತೆ ಮುಗಿಯೋದಲ್ಲ. ಹೊಗೆಯ ಇಂಗಾಲವನ್ನ ನೆಲದೊಳಗೆ ತುಂಬೋರಿಗೂ ಇದೇ ಲೆಕ್ಕ. ಅಂತರ್ಜಲಕ್ಕೂ ಅಷ್ಟೇ: ಅಮೆರಿಕ ಸರ್ಕಾರದ ಭೂಗರ್ಭ ಇಲಾಖೆ 1980ರ ದಶಕದಲ್ಲೇ ಮಾಡ್‌ಫ್ಲೋ ಅಂತ ಒಂದು ಸಾಫ್ಟ್‌ವೇರ್ ಬಿಟ್ಟಿತು, ಇವತ್ತಿಗೂ ಪುಕ್ಕಟೆ. ಅದೂ ಇಟ್ಟಿಗೆ ಇಟ್ಟಿಗೆ ಲೆಕ್ಕವೇ, ಅದೇ ಡಾರ್ಸಿಯ ಸೂತ್ರ. ಹಂದ್ರಿ-ನೀವಾ ಕಾಲುವೆಯಲ್ಲಿ ಕೃಷ್ಣೆಯ ನೀರು ಶ್ರೀಶೈಲದಿಂದ ಎತ್ತಿ ಎತ್ತಿ ನಮ್ಮ ಮಂಡಲದ ಜೀಡಿಪಲ್ಲಿ ಕೆರೆಗೆ ಬಂತಲ್ಲ, ಆ ಕೆರೆ ತುಂಬಿದ ವರ್ಷ ಯಾವ ಊರಿನ ಬೋರಿಗೆ ಎಷ್ಟು ತಿಂಗಳಿಗೆ ನೀರು ಏರುತ್ತೆ ಅಂತ ಹೇಳೋಕೆ ನಮ್ಮಲ್ಲಿ ಯಾರಿದ್ದಾರೆ? ತೆಂಗಿನಕಾಯಿಯವನನ್ನ ಕೇಳೋದಾ? ಇವಳು ರಜೆಗೆ ಬಂದಾಗ ನಮ್ಮ ಹೊಲದ ಎರಡು ಬೋರಿನ ಆಳ, ನೀರಿನ ಮಟ್ಟ ಬರೆದುಕೊಂಡು ಹೋಗಿದ್ದಾಳೆ. ಏನು ಮಾಡ್ತೀಯ ಅಂದರೆ, "ಲ್ಯಾಬ್ ಸಿಕ್ಕಿದ್ರೆ ಹೇಳ್ತೀನಿ ಮಾವ" ಅಂದಳು.

ಇಷ್ಟಕ್ಕೂ ಪೆಟ್ರೋಲಿಯಂ ವಿಶ್ವವಿದ್ಯಾಲಯ ಅನ್ನೋದು ನಮಗೆ ಯಾರೋ ಭಿಕ್ಷೆ ಹಾಕಿದ್ದಲ್ಲ. 2014ರಲ್ಲಿ ರಾಜ್ಯ ಒಡೆದಾಗ ಮಾಡಿದ ಪುನರ್‌ವಿಂಗಡಣೆ ಕಾಯ್ದೆಯ 13ನೇ ಅನುಸೂಚಿಯಲ್ಲಿ ಆಂಧ್ರಕ್ಕೆ ಇಂತಿಂಥ ಸಂಸ್ಥೆ ಕೊಡ್ತೀವಿ ಅಂತ ಬರೆದರು. ನಮ್ಮ ಅನಂತಪುರಕ್ಕೆ ಬಂದ ಕೇಂದ್ರೀಯ ವಿಶ್ವವಿದ್ಯಾಲಯ ಅದೇ ಪಟ್ಟಿಯದು. ವಿಶಾಖಪಟ್ಟಣದಲ್ಲಿ 2016ರಲ್ಲಿ ಶುರುವಾದ ಪೆಟ್ರೋಲಿಯಂ ಮತ್ತು ಇಂಧನ ಸಂಸ್ಥೆಯೂ ಅದೇ ಪಟ್ಟಿಯದು. ಕಾಕಿನಾಡದ ಜೆಎನ್‌ಟಿಯುನಲ್ಲೂ ಈ ವಿಷಯ ಇದೆ. ಉತ್ತರದಲ್ಲಿ ಅಮೇಠಿ ಕಡೆ 2007ರ ಕಾಯ್ದೆಯಿಂದ ಆದದ್ದು ಇನ್ನೊಂದು. ಇವುಗಳಲ್ಲಿ ಎಲ್ಲಿ ಎಷ್ಟು ಯಂತ್ರ ಇದೆ ಅನ್ನೋ ಪಂಚಾಯ್ತಿ ನಾನು ಮಾಡ್ತಿಲ್ಲ. ಮಕ್ಕಳನ್ನ ಸೇರಿಸೋಕೆ ಹೋಗುವ ಅಪ್ಪ ಅಮ್ಮಂದಿರು ಮಾತ್ರ, ಎಲ್ಲಿಗೇ ಹೋಗಲಿ, ಕಟ್ಟಡ ನೋಡಿ ಬಾಯಿ ಬಿಟ್ಟು ನಿಲ್ಲಬೇಡಿ. ನಾನೂ ಹಾಗೇ ನಿಂತಿದ್ದೆ. ಗಾಜಿನ ಬಾಗಿಲು, ಸಾಲಾಗಿ ಯಂತ್ರ, ತಣ್ಣಗೆ ಎಸಿ. "ಎಷ್ಟು ಗಂಟೆಗೆ ಮುಚ್ತೀರಿ?" ಅಂತ ಒಂದು ಮಾತು ಕೇಳಲಿಲ್ಲ.

ಈಗ ಒಂದು ಪತ್ರ ಬರೆದಿದ್ದೇನೆ. ಕರಡು ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳ ಪಕ್ಕ ಇದೆ. ರಾತ್ರಿ ಹನ್ನೆರಡರ ತನಕವಾದರೂ ಲ್ಯಾಬು ತೆರೆದಿರಬೇಕು, ಪರೀಕ್ಷೆ ಮತ್ತು ಪ್ರಾಜೆಕ್ಟ್ ತಿಂಗಳಲ್ಲಿ ರಾತ್ರಿಯಿಡೀ. ಹುಡುಗಿಯರ ಹಾಸ್ಟೆಲಿಗೆ ಸಂಪರ್ಕ ಬೇಕು. ಲೆಕ್ಕ ಓಡ್ತಿರುವಾಗ ಯಂತ್ರ ಆರಿಸಬಾರದು. ಪುಕ್ಕಟೆ ಸಾಫ್ಟ್‌ವೇರಲ್ಲಿ ಮಾಡಿದ ಕೆಲಸಕ್ಕೆ ಮಾನ್ಯತೆ ಕೊಡಬೇಕು. ರಾತ್ರಿ ಕೂರುವ ಅಟೆಂಡರಿಗೆ ಸಂಬಳ ಕೊಡಬೇಕು ಅಂತ ಅದರಲ್ಲಿ ಇದೆ. ಇಂಗ್ಲಿಷ್ ಪ್ರತಿಯನ್ನ ನಮ್ಮ ಹುಡುಗಿಯೇ ತಿದ್ದಿಕೊಟ್ಟಿದ್ದಾಳೆ. ಕಾಲೇಜಿನ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ. ಪೆಟ್ರೋಲಿಯಂ ಆಗಲಿ, ಸಿವಿಲ್ ಆಗಲಿ, ನರ್ಸಿಂಗ್ ಆಗಲಿ, ನಿಮ್ಮ ಮಕ್ಕಳು ಎಲ್ಲಿ ಓದ್ತಾರೋ ಆ ಹೆಸರು ತುಂಬಿಕೊಂಡು ಕಳಿಸಿ. ಮೇಷ್ಟ್ರುಗಳು ತಮ್ಮ ಶಾಲೆಯ ಹೆಸರನ್ನೂ ತುಂಬಬಹುದು. ಪ್ರತಿ ತೆಗೆಸುವ ಖರ್ಚು ನನ್ನದು.